ಪುಟ್ಟ ವಿಮಾನದ ಹಿಂದಿನ ಸೀಟು

ಅಳಿಯನ ಹಣೆಗೆ ಸ್ಟೀಲ್ ಡಬ್ಬದಿಂದ ಹೊಡೆದವಳು ನಾನೇ. ಎರಡು ಏಟು. ಮೊದಲನೆಯದು ವಿಮಾನ ಅಲುಗಾಡಿದಾಗ ಕೈತಪ್ಪಿ ಬಿದ್ದದ್ದು ಎಂದು ನಮ್ಮ ವಕೀಲ ಬರೆದುಕೊಂಡಿದ್ದ. ಸುಳ್ಳು. ಎರಡನ್ನೂ ಗುರಿಯಿಟ್ಟೇ ಹೊಡೆದೆ. ಕೆಳಗೆ ಸಮುದ್ರ, ಸುತ್ತ ಆಕಾಶ, ಓಡಿಹೋಗಲು ಅವನಿಗೂ ಜಾಗವಿಲ್ಲ, ನನಗೂ ಇಲ್ಲ. ಡೆಟ್ರಾಯಿಟ್ ಪಕ್ಕದ ನಮ್ಮ ಊರು ನಾರ್ತ್‌ವಿಲ್‌ನಲ್ಲಿ ಈಗ ವತ್ಸಲಾ ಎಂದರೆ ಸಾಕು, ಜನ ಕಾಫಿ ಲೋಟ ಕೆಳಗಿಟ್ಟು ಮಾತು ಶುರು ಮಾಡುತ್ತಾರಂತೆ. ಮಾಡಲಿ. ಅವರಿಗೆ ಗೊತ್ತಿರುವುದು ಡಬ್ಬದ ಕಥೆ ಮಾತ್ರ.

ನನ್ನ ಗಂಡ ಉಪೇಂದ್ರ ಆಬರ್ನ್ ಹಿಲ್ಸ್‌ನ ಕಾರ್ ಕಂಪನಿಯಲ್ಲಿ ಬ್ರೇಕ್ ವಿಭಾಗದ ಎಂಜಿನಿಯರ್. ನಮಗೆ ಒಬ್ಬಳೇ ಮಗಳು, ಧೃತಿ. ಹುಟ್ಟಿದ್ದು ಬೆಳೆದದ್ದು ಎಲ್ಲ ಇಲ್ಲೇ. ನಾನು ಕನ್ನಡದಲ್ಲಿ ಕೇಳಿದರೆ ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಇಪ್ಪತ್ತಾರು ವರ್ಷದಿಂದ ನಮ್ಮ ಸಂಸಾರ ನಡೆದದ್ದೇ ಹಾಗೆ. ಅಳಿಯ ಅಕ್ಷೋಭ್ಯ ಬೆಂಗಳೂರಿನವನು, ಓದಲು ಬಂದು ಶಿಕಾಗೋದಲ್ಲಿ ನಿಂತವನು. ಅವನನ್ನು ಹುಡುಕಿ ತಂದವಳು ನಾನು. ನಮ್ಮ ಕನ್ನಡ ಕೂಟದಲ್ಲಿ ನಾನು ಮುಂದೆ ನಿಂತು ಕೂಡಿಸಿದ ಮದುವೆಗಳೇ ಹನ್ನೊಂದು. 'ವತ್ಸಲಾ ಆಂಟಿ ನೋಡಿದ ಸಂಬಂಧ ಅಂದ್ರೆ ಕಣ್ಣು ಮುಚ್ಚಿ ಒಪ್ಕೋಬಹುದು' ಎಂದು ಜನ ಹೇಳುತ್ತಿದ್ದರು. ನಾನೂ ಉಬ್ಬಿ ಹೋಗಿದ್ದೆ. ಉಪೇಂದ್ರ ಮಾತ್ರ ಹುಡುಗನನ್ನು ನೋಡಿದ ದಿನವೇ, "ಊಟ ಬಡಿಸಿದ ಹುಡುಗಿ ಕೈ ತಗಲಿದ್ದಕ್ಕೆ ಹೇಗೆ ಗುರಾಯಿಸಿದ ನೋಡಿದ್ಯಾ?" ಎಂದಿದ್ದರು. "ನಿಮಗೆ ಎಲ್ಲದರಲ್ಲೂ ಹುಳುಕು ಕಾಣತ್ತೆ" ಎಂದು ಅವರ ಬಾಯಿ ಮುಚ್ಚಿಸಿದ್ದೆ. 2008ರ ಜೂನ್‌ನಲ್ಲಿ ಮದುವೆಯಾಯಿತು. ಆರೇ ತಿಂಗಳಿಗೆ ಅಕ್ಷೋಭ್ಯನ ಕೆಲಸ ಹೋಯಿತು.

ಆ ವರ್ಷ ಕೆಲಸ ಹೋಗುವುದು ದೊಡ್ಡ ಸುದ್ದಿಯೇನಲ್ಲ. ನಮ್ಮ ಬಡಾವಣೆಯಲ್ಲಿ ಹುಲ್ಲು ಮೊಣಕಾಲುದ್ದ ಬೆಳೆದ ಮನೆ ಎಂದರೆ ಬ್ಯಾಂಕಿನವರು ಕಿತ್ತುಕೊಂಡ ಮನೆ ಎಂದೇ ಅರ್ಥ. ಉಪೇಂದ್ರ ಪ್ರತಿ ಶುಕ್ರವಾರ ಯಾರ ಮೇಜು ಖಾಲಿಯಾಯಿತು ಎಂಬ ಸುದ್ದಿ ತರುತ್ತಿದ್ದರು. ಕೆಲಸ ಕಳೆದುಕೊಂಡ ಗಂಡಸರೆಲ್ಲ ಹೆಂಡತಿಗೆ ಹೊಡೆಯಲಿಲ್ಲ. ಈ ಮಾತು ಈಗ ಹೇಳುತ್ತಿದ್ದೇನೆ. ಆಗ ಹೇಳಲಿಲ್ಲ.

ಧೃತಿ ನನಗೆ ಮೊದಲು ಹೇಳಿದ್ದು ಸಂಕ್ರಾಂತಿಯ ದಿನ. ಎಳ್ಳು ಹುರಿಯುತ್ತಿದ್ದೆ, ಫೋನ್ ಬಂತು. "ಅಮ್ಮಾ, ಹಿ ಹಿಟ್ ಮಿ" ಎಂದಳು. ಕೆನ್ನೆಗೆ ಹೊಡೆದನಂತೆ, ಕಿವಿಯಲ್ಲಿ ಗುಯ್ ಎನ್ನುತ್ತಿದೆಯಂತೆ. ನಾನು ಸ್ಟವ್ ಆರಿಸಿ, ಉಪೇಂದ್ರ ಎಲ್ಲಿದ್ದಾರೆ ಎಂದು ನೋಡಿಕೊಂಡು, ದನಿ ತಗ್ಗಿಸಿ ಹೇಳಿದೆ: "ಕೆಲಸ ಹೋಗಿದೆ ಕಣೇ, ಪಾಪ. ಒಳಗೇ ಕುದೀತಿರ್ತಾನೆ. ಸ್ವಲ್ಪ ಅಡ್ಜಸ್ಟ್ ಮಾಡ್ಕೋ. ಅಪ್ಪಂಗೆ ಹೇಳ್ಬೇಡ, ಮೊದ್ಲೇ ಬಿ.ಪಿ."

ಎರಡನೆಯ ಸಲ ಯುಗಾದಿ. ಫೋನಲ್ಲ, ಅವಳೇ ಬಂದಳು. ಬೆಳಗಿನ ಜಾವ ಹೊರಟು ಮುನ್ನೂರು ಮೈಲಿ ಒಬ್ಬಳೇ ಡ್ರೈವ್ ಮಾಡಿಕೊಂಡು ಬಂದು, ಹೆದ್ದಾರಿಯಿಂದ ನಮ್ಮೂರಿಗೆ ಇಳಿಯುವ ಎಕ್ಸಿಟ್ ಹತ್ತಿರದ ಗ್ಯಾಸ್ ಸ್ಟೇಷನ್ನಿನಿಂದ ಫೋನ್ ಮಾಡಿದಳು. ಮನೆಯಲ್ಲಿ ಒಬ್ಬಟ್ಟಿನ ಊಟಕ್ಕೆ ಆರು ಸಂಸಾರ ಬರುವುದಿತ್ತು. ನಾನು ಮೊಸರು ತರುತ್ತೇನೆ ಎಂದು ಸುಳ್ಳು ಹೇಳಿ ಹೋದೆ. ಕೆಳದುಟಿ ಸೀಳಿತ್ತು, ರಕ್ತ ಹೆಪ್ಪುಗಟ್ಟಿ ಗಲ್ಲದವರೆಗೂ ಒಣಗಿತ್ತು. ಪೇಪರ್ ಟವೆಲ್ ಒದ್ದೆ ಮಾಡಿ ಒರೆಸಿದೆ, ಕಾಫಿ ಕುಡಿಸಿದೆ. "ಈ ಮುಖ ಇಟ್ಕೊಂಡು ಅಷ್ಟು ಜನರ ಮುಂದೆ ಬರ್ತೀಯಾ? ವಾಪಸ್ ಹೋಗು, ನಾನು ಅವನ ಹತ್ರ ಮಾತಾಡ್ತೀನಿ" ಎಂದೆ. ಅವಳು ಸ್ಟೀರಿಂಗ್ ಹಿಡಿದುಕೊಂಡು ಐದು ನಿಮಿಷ ಕೂತಿದ್ದಳು. ಆಮೇಲೆ ಅಲ್ಲಿಂದಲೇ ತಿರುಗಿ ಹೋದಳು. ನಾನು ಮೊಸರು ತೆಗೆದುಕೊಂಡು ಮನೆಗೆ ಬಂದು ಎಲ್ಲರಿಗೂ ಬೇವು ಬೆಲ್ಲ ಹಂಚಿದೆ.

ಮೂರನೆಯ ಸಲ ವರಮಹಾಲಕ್ಷ್ಮಿ ಹಬ್ಬದ ಮಾರನೆಯ ದಿನ. ಪಕ್ಕೆಗೆ ಒದ್ದಿದ್ದ. ಉಸಿರು ಎಳೆದುಕೊಂಡಾಗ ಒಳಗೆ ಕಟ್ ಕಟ್ ಎಂದು ಸದ್ದಾಗುತ್ತದೆ ಎಂದಳು. "ಎಕ್ಸ್‌ರೇ ತೆಗೆಸ್ಕೋ. ಮೆಟ್ಟಿಲಿಂದ ಬಿದ್ದೆ ಅನ್ನು" ಎಂದೆ. ಹೌದು, ನಾನೇ ಹೇಳಿಕೊಟ್ಟೆ.

ಕೋಪ ನನ್ನ ಮೂಗಿನ ತುದಿಯಲ್ಲೇ ಇರುತ್ತದೆ. ಅಂಗಡಿಯಲ್ಲಿ ಹಳೆಯ ಕೊತ್ತಂಬರಿ ಕೊಟ್ಟರೆ ಮ್ಯಾನೇಜರನ್ನು ಕರೆಸಿ ಜಾಡಿಸುವವಳು ನಾನು. ಅಂಥವಳ ಬಾಯಿಗೆ ಅಳಿಯನ ವಿಷಯದಲ್ಲಿ ಬೀಗ ಬಿದ್ದಿತ್ತು. ಯಾಕೆಂದರೆ ಬಾಯಿ ತೆಗೆದರೆ ಉಪೇಂದ್ರ ಗೆದ್ದಂತಾಗುತ್ತಿತ್ತು, ನಾನು ಸೋತಂತಾಗುತ್ತಿತ್ತು. ಹನ್ನೊಂದು ಮನೆ ಕಟ್ಟಿಕೊಟ್ಟವಳ ಸ್ವಂತ ಮಗಳ ಮನೆ ಬಿತ್ತು ಎಂದು ಕೂಟದಲ್ಲಿ ಆಡಿಕೊಳ್ಳುತ್ತಾರೆ ಎಂಬ ಭಯ. ಇಷ್ಟೇ ಕಾರಣ. ಇದಕ್ಕಿಂತ ದೊಡ್ಡ ಕಾರಣ ಇದ್ದಿದ್ದರೆ ಚೆನ್ನಾಗಿತ್ತು, ಇಲ್ಲ.

ದ್ವೀಪಗಳಿಗೆ ಹೋಗುವ ಯೋಚನೆಯೂ ನನ್ನದೇ. ಕೊಳ್ಳುವವರಿಲ್ಲದೆ ಪ್ಯಾಕೇಜುಗಳು ಅರ್ಧ ಬೆಲೆಗೆ ಬಂದಿದ್ದವು. ಸಮುದ್ರ, ಬಿಸಿಲು, ತೆಂಗಿನ ಮರ. ಮದುವೆಯಾದ ಹೊಸದರಲ್ಲಿ ಎಲ್ಲಿಗೂ ಹೋಗಿರಲಿಲ್ಲ, ನಾಲ್ಕು ದಿನ ಹಾಯಾಗಿದ್ದರೆ ಗಂಡ ಹೆಂಡತಿ ಸರಿಹೋಗುತ್ತಾರೆ ಎಂದು ನನ್ನ ಲೆಕ್ಕ. ಅಕ್ಟೋಬರಿನಲ್ಲಿ ನಾವಿಬ್ಬರು ಡೆಟ್ರಾಯಿಟ್‌ನಿಂದ, ಅವರಿಬ್ಬರು ಶಿಕಾಗೋದಿಂದ ಹಾರಿ ಆ ದ್ವೀಪಗಳ ದೊಡ್ಡ ಊರು ಸಾನ್ ಹುವಾನ್‌ನಲ್ಲಿ ಸೇರಿದೆವು. ಅಲ್ಲಿಂದ ಮುಂದೆ ದ್ವೀಪದಿಂದ ದ್ವೀಪಕ್ಕೆ ಪುಟ್ಟ ವಿಮಾನ. ಪೈಲಟ್ ಸೇರಿ ಒಂಬತ್ತು ಜನ ಕೂರುವಂಥದ್ದು, ನಮ್ಮ ಕಡೆಯ ಟೆಂಪೋಗೆ ರೆಕ್ಕೆ ಕಟ್ಟಿದ ಹಾಗೆ.

ಆ ವಿಮಾನಗಳಲ್ಲಿ ಟಿಕೆಟ್ ಮೇಲೆ ಸೀಟಿನ ನಂಬರ್ ಇರುವುದಿಲ್ಲ. ಕೌಂಟರಿನ ಹುಡುಗಿ ಸೂಟ್‌ಕೇಸ್ ತೂಗಿದಂತೆ ಮನುಷ್ಯರನ್ನೂ ತಕ್ಕಡಿಯ ಮೇಲೆ ನಿಲ್ಲಿಸಿ ತೂಗುತ್ತಾಳೆ. ಭಾರದವರು ಮುಂದೆ, ಹಗುರದವರು ಹಿಂದೆ. ಹಿಂದೆ ಭಾರ ಜಾಸ್ತಿಯಾದರೆ ವಿಮಾನದ ಮೂತಿ ಮೇಲೇಳುತ್ತದಂತೆ. ಉಪೇಂದ್ರರಿಗೆ ಪೈಲಟ್ ಪಕ್ಕದ ಸೀಟೇ ಸಿಕ್ಕಿತು; ಐವತ್ತೆಂಟರ ಮನುಷ್ಯ ಹುಡುಗನ ಹಾಗೆ ಹಿಗ್ಗಿದರು. ಅಕ್ಷೋಭ್ಯ ನೂರ ತೊಂಬತ್ತೈದು ಪೌಂಡು, ಎರಡನೆಯ ಸಾಲು. ಧೃತಿ ತಕ್ಕಡಿ ಹತ್ತಿದಳು. ತೊಂಬತ್ತಾರು. ಮದುವೆಯ ರವಿಕೆ ಹೊಲಿಸುವಾಗ ನೂರ ಇಪ್ಪತ್ತು ಇದ್ದ ಹುಡುಗಿ. ಕೌಂಟರಿನವಳು ಮತ್ತೊಮ್ಮೆ ನೋಡಿ ಬರೆದುಕೊಂಡಳು. ನಾನು ಬೇರೆ ಕಡೆ ನೋಡಿದೆ.

ಆ ಮೊದಲ ಹಾರಾಟದಲ್ಲಿ ಹಿಂದಿನ ಸೀಟು ನನಗೂ ಧೃತಿಗೂ ಬಂತು. ಎಂಜಿನ್ ಶುರುವಾದರೆ ಪಕ್ಕದವರ ಮಾತೂ ಕೇಳಿಸುವುದಿಲ್ಲ, ಕಿವಿಗೆ ಇಟ್ಟುಕೊಳ್ಳಲು ಸ್ಪಂಜಿನ ಬಿರಡೆ ಕೊಡುತ್ತಾರೆ. ನೆಲ ಬಿಟ್ಟು ಎರಡು ನಿಮಿಷಕ್ಕೆ ಧೃತಿ ನನ್ನ ಭುಜಕ್ಕೆ ಒರಗಿ ನಿದ್ದೆ ಹೋದಳು. ಬಾಯಿ ತೆರೆದುಕೊಂಡು, ಮಗುವಿನಂತೆ. ಕೆಳಗೆ ನೀರು ಒಂದು ಕಡೆ ಹಸಿರು, ಒಂದು ಕಡೆ ಕಡು ನೀಲಿ; ಮರಳಿನ ದಿಣ್ಣೆಗಳು ಬೆಳ್ಳಗೆ ಕಾಣುತ್ತಿದ್ದವು. ಇಪ್ಪತ್ತೈದು ನಿಮಿಷ ಅವಳು ಮಿಸುಕಲಿಲ್ಲ. ಇಳಿಯುವಾಗ ಎರಡನೆಯ ಸಾಲಿನಿಂದ ಅಕ್ಷೋಭ್ಯ ತಿರುಗಿ ನಮ್ಮಿಬ್ಬರನ್ನೂ ನೋಡುತ್ತಿದ್ದ. ನಾನು ನಕ್ಕೆ. ಅವನು ನಗಲಿಲ್ಲ.

ಮಾರನೆಯ ದಿನ ಎಂಬತ್ತೆಂಟು ಡಿಗ್ರಿ ಫ್ಯಾರನ್‌ಹೀಟ್ ಬಿಸಿಲು. ಬೀಚಿನಲ್ಲಿ ಎಲ್ಲರೂ ಅರೆಬತ್ತಲೆ ಇದ್ದರೆ ನನ್ನ ಮಗಳು ಮಣಿಕಟ್ಟಿನವರೆಗೂ ತೋಳಿನ ಅಂಗಿ ಹಾಕಿಕೊಂಡು ಕೂತಿದ್ದಳು. ಯಾಕೆಂದು ನನಗೆ ಗೊತ್ತಿತ್ತು. ಉಪೇಂದ್ರ, "ಸೆಖೆ ಆಗಲ್ವೇನೇ ಪುಟ್ಟಿ?" ಎಂದಾಗ ನಾನೇ ಮುಂದೆ ಬಿದ್ದು, "ಕಪ್ಪಗಾಗ್ತಾಳೆ ಅಂತ" ಎಂದೆ. ಧೃತಿ ಮರಳು ನೋಡುತ್ತಿದ್ದಳು.

ಮೂರನೆಯ ದಿನ ಬೆಳಿಗ್ಗೆ ಇನ್ನೊಂದು ದ್ವೀಪಕ್ಕೆ ಹೊರಟೆವು. ಅವತ್ತು ನಮ್ಮ ನಾಲ್ವರ ಜೊತೆ ಇನ್ನೊಬ್ಬನೇ ಪ್ರಯಾಣಿಕ, ಆ ಕಡೆಯ ಒಬ್ಬ ಆಜಾನುಬಾಹು. ಕೌಂಟರಿನ ಹುಡುಗಿ ಮತ್ತೆ ತೂಗಿ, ಮತ್ತೆ ನನ್ನನ್ನೂ ಧೃತಿಯನ್ನೂ ಹಿಂದಿನ ಸೀಟಿಗೆ ಹಾಕಿದಳು. ನಾನು ಸುಮ್ಮನಿರಬಾರದಿತ್ತೇ? ಇರಲಿಲ್ಲ. ಕೂಡಿಸುವುದೇ ನನ್ನ ಚಟ. ಮೇಜಿನ ಮೇಲೆ ಬಾಗಿ, "ಹೊಸದಾಗಿ ಮದುವೆಯಾದವರು, ಪಾಪ, ಇಬ್ಬರನ್ನೂ ಹಿಂದೆ ಕೂರಿಸಿ, ನಾನು ಮುಂದಿನ ಸಾಲಿಗೆ ಹೋಗುತ್ತೇನೆ" ಎಂದು ಗೋಗರೆದೆ. ಅವಳು ಪೈಲಟ್‌ನನ್ನು ಕೇಳಿ ಬಂದಳು. ಜನ ಕಡಿಮೆ ಇದ್ದಾರೆ, ಪರವಾಗಿಲ್ಲ ಎಂದನಂತೆ.

ಧೃತಿ ನನ್ನ ಮೊಣಕೈ ಹಿಡಿದುಕೊಂಡಳು. "ಅಮ್ಮಾ, ನೋ. ಸಿಟ್ ವಿತ್ ಮಿ. ಪ್ಲೀಸ್."

"ಹೋಗೇ, ಗಂಡನ ಪಕ್ಕ ಕೂತ್ಕೋ" ಎಂದು ಅವಳ ಬೆರಳು ಬಿಡಿಸಿದೆ. ಅಕ್ಷೋಭ್ಯ, "ಥ್ಯಾಂಕ್ಸ್ ಆಂಟಿ" ಎಂದ.

ಪೈಲಟ್ ಪಕ್ಕ ಉಪೇಂದ್ರ, ಅವರ ಹಿಂದೆ ಆ ದೊಡ್ಡ ಆಳು, ಅವನ ಹಿಂದೆ ನಾನು, ನನ್ನ ಬೆನ್ನಿಗೇ ಅವರಿಬ್ಬರು. ವಿಮಾನ ಎದ್ದಿತು. ಹತ್ತು ನಿಮಿಷ ನಾನು ಕಿಟಕಿಯಲ್ಲಿ ಸಮುದ್ರ ನೋಡುತ್ತ, ನನ್ನ ಬೆನ್ನ ಹಿಂದೆಯೇ ಗಂಡನ ಪಕ್ಕ ನನ್ನ ಮಗಳು ಕೂತಿದ್ದಾಳೆ, ಎಲ್ಲ ಸರಿಹೋಗುತ್ತಿದೆ ಎಂದುಕೊಳ್ಳುತ್ತಿದ್ದೆ. ಮನೆಯಿಂದ ಕೋಡುಬಳೆ ಮಾಡಿಕೊಂಡು ಬಂದಿದ್ದೆ. ಪ್ರಯಾಣ ಎಂದಮೇಲೆ ನಡುವೆ ಏನಾದರೂ ಹಂಚಬೇಕು, ಅದು ನಮ್ಮಮ್ಮನ ಕಾಲದಿಂದ ಬಂದದ್ದು. ಬ್ಯಾಗಿನಿಂದ ಸ್ಟೀಲ್ ಡಬ್ಬ ತೆಗೆದು, ಮುಚ್ಚಳ ಬಿಚ್ಚಿ, ನಗುತ್ತ ಹಿಂದೆ ತಿರುಗಿದೆ.

ಅವನ ಎಡಗೈ ಅವಳ ಬಾಯಿಯ ಮೇಲಿತ್ತು. ಬಲಗೈಯಲ್ಲಿ ಅವಳ ಕಿರುಬೆರಳು. ಅವನ ತುಟಿ ಅವಳ ಕಿವಿಗೆ ತಾಗಿಕೊಂಡು ಏನೋ ಹೇಳುತ್ತಿತ್ತು. 'ನಿಮ್ಮಮ್ಮಂಗೆ ಏನು ಹೇಳ್ದೆ' ಎಂದು ಕೇಳುತ್ತಿದ್ದನಂತೆ, ಆಮೇಲೆ ಗೊತ್ತಾಯಿತು. ಅವಳ ಕಣ್ಣು ನನ್ನ ಮೇಲೆ ನೆಟ್ಟಿತ್ತು. ಅವಳು ಮೊದಲಿನಿಂದಲೂ ನನ್ನ ತಲೆಯ ಹಿಂಭಾಗವನ್ನೇ ನೋಡುತ್ತ ಕೂತಿದ್ದಳು. ನಾನು ನೋಡುತ್ತಿದ್ದಂತೆಯೇ ಅವನು ಬೆರಳನ್ನು ಹಿಂದಕ್ಕೆ ಮಡಚಿದ. ಎಂಜಿನ್ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ. ಬೆರಳು ಹೋಗಬಾರದ ಕಡೆಗೆ ಹೋಗಿ ನಿಂತದ್ದು ಮಾತ್ರ ಕಂಡಿತು.

ಒಂಬತ್ತು ತಿಂಗಳು ನುಂಗಿಕೊಂಡದ್ದೆಲ್ಲ ಒಟ್ಟಿಗೆ ನೆತ್ತಿಗೇರಿತು. ಬೆಲ್ಟ್ ಬಿಚ್ಚಿದ್ದು ನೆನಪಿಲ್ಲ. ಸೀಟಿನ ಮೇಲೆ ಮಂಡಿಯೂರಿ ಡಬ್ಬದ ತಳದ ಅಂಚಿನಿಂದ ಅವನ ಹಣೆಗೆ ಹೊಡೆದೆ. ಕೋಡುಬಳೆ ಎಲ್ಲ ಚೆಲ್ಲಾಪಿಲ್ಲಿಯಾಯಿತು. ಹುಬ್ಬಿನ ಮೇಲೆ ಚರ್ಮ ಬಾಯಿಬಿಟ್ಟು, ಒಂದು ಕ್ಷಣ ಬೆಳ್ಳಗೆ ಕಂಡು, ಆಮೇಲೆ ರಕ್ತ ಬುಳಬುಳ ಬಂತು. "ಬಿಡೋ! ಬಿಡೋ ಅವಳನ್ನ, ಹಾಳಾಗೋದವನೇ!" ಎಂದು ಕಿರುಚಿದೆ. ಮದುವೆಯಾದಾಗಿನಿಂದ ನಾನು ಅವನನ್ನು ಬಹುವಚನದಲ್ಲೇ ಮಾತಾಡಿಸುತ್ತಿದ್ದೆ. ಎರಡನೆಯ ಏಟು ಮೂಗಿಗೆ ಹೊಡೆದೆ.

ಅವನು ಬೆಲ್ಟ್ ಬಿಚ್ಚಿ ಎದ್ದ. ತಗ್ಗಿದ ಚಾವಣಿಗೆ ತಲೆ ಬಡಿಯಿತು, ಆದರೂ ನನ್ನ ಜುಟ್ಟು ಹಿಡಿದು ಮುಖವನ್ನು ಕಿಟಕಿಯ ಚೌಕಟ್ಟಿಗೆ ಅಪ್ಪಳಿಸಿದ. ಬಾಯಲ್ಲಿ ಉಪ್ಪುಪ್ಪು ತುಂಬಿಕೊಂಡಿತು, ನಾಲಿಗೆಗೆ ಹಲ್ಲಿನ ಚೂರು ಸಿಕ್ಕಿತು. ಇನ್ನೊಮ್ಮೆ ಅಪ್ಪಳಿಸಿದ. ನಾನು ಅವನ ಮಣಿಕಟ್ಟು ಕಚ್ಚಿದೆ. ನಾಯಿ ಕಚ್ಚಿದಂತೆ ಕಚ್ಚಿ ಬಿಡದೆ ನೇತಾಡಿದೆ. ಅವನ ಇನ್ನೊಂದು ಮುಷ್ಟಿ ನನ್ನ ಕಿವಿಗೆ, ಕತ್ತಿಗೆ, ಮತ್ತೆ ಕಿವಿಗೆ ಬಿತ್ತು. ಧೃತಿಗೆ ಎಷ್ಟು ನೋವಾಗಿರಬಹುದು ಎಂಬುದು ಆಗ ಗೊತ್ತಾಯಿತು. ಕಿವಿಯೊಳಗೆ ಗುಯ್ ಎನ್ನುವುದು ಏನೆಂದು ಗೊತ್ತಾಯಿತು.

ಅಷ್ಟರಲ್ಲಿ ವಿಮಾನದ ಮೂತಿ ಮೇಲೆದ್ದಿತು. ಮುಂದೆ ಎಲ್ಲೋ ಪೀಪಿ ಊದಿದಂತೆ ಒಂದು ಅಪಾಯದ ಸದ್ದು ಶುರುವಾಯಿತು. ಪೈಲಟ್ ತಿರುಗಿ ಕೂಗುತ್ತಿದ್ದ, "ಸಿಟ್ ಡೌನ್! ಸಿಟ್ ಡೌನ್!" ಎಂದು. ಉಪೇಂದ್ರ ಕತ್ತು ಹೊರಳಿಸಿ ನೋಡುತ್ತಿದ್ದರು, ಅವರ ಮುಖದಲ್ಲಿ ರಕ್ತವೇ ಇರಲಿಲ್ಲ. ಅವರಿಗೆ ಕಂಡದ್ದು ಇಷ್ಟೇ: ಹೆಂಡತಿ ಅಳಿಯನನ್ನು ಕಚ್ಚುತ್ತಿದ್ದಾಳೆ. ಪೈಲಟ್ ಮೂತಿಯನ್ನು ಒಮ್ಮೆಲೇ ಕೆಳಗೆ ತಳ್ಳಿದ. ನಾನೂ ಅಕ್ಷೋಭ್ಯನೂ ತೇಲಿ ಚಾವಣಿಗೆ ಬಡಿದು, ಸೀಟುಗಳ ನಡುವೆ ಮುದ್ದೆಯಾಗಿ ಬಿದ್ದೆವು. ಕಿಟಕಿಯ ತುಂಬ ಸಮುದ್ರ ಕಂಡಿತು, ಅಲೆಯ ನೊರೆ ಎಣಿಸುವಷ್ಟು ಹತ್ತಿರ. ಬಿದ್ದಲ್ಲೇ ಅವನು ನನ್ನ ಕುತ್ತಿಗೆಗೆ ಕೈ ಹಾಕಿದ. ಎರಡೂ ಹೆಬ್ಬೆರಳು ಒತ್ತುತ್ತಿದ್ದ. ಸಾಯುತ್ತೇನೆ ಎಂದುಕೊಂಡೆ. ಸತ್ತರೂ ಸರಿ, ಇವನನ್ನೂ ಎಳೆದುಕೊಂಡೇ ಹೋಗುತ್ತೇನೆ ಎಂದುಕೊಂಡು ಅವನ ಹಣೆಯ ಗಾಯಕ್ಕೇ ಬೆರಳು ತುರುಕಿದೆ.

ಆ ದೊಡ್ಡ ಆಳು ಸೀಟು ದಾಟಿ ಬಂದು, ತೋಳಿನಲ್ಲಿ ಅಕ್ಷೋಭ್ಯನ ಕತ್ತನ್ನು ಅವುಚಿ ಎಳೆದು, ಇಳಿಯುವವರೆಗೂ ಅವನ ಬೆನ್ನ ಮೇಲೆ ಕೂತಿದ್ದ. ಏಳು ನಿಮಿಷ. ಧೃತಿ ಮುರಿದ ಬೆರಳನ್ನು ಇನ್ನೊಂದು ಅಂಗೈಯಲ್ಲಿಟ್ಟುಕೊಂಡು ನೋಡುತ್ತಿದ್ದಳು.

ಇಳಿದ ಕೂಡಲೇ ಪೊಲೀಸರು. ಅಕ್ಷೋಭ್ಯ ಕರವಸ್ತ್ರ ಹಣೆಗೊತ್ತಿಕೊಂಡು, ತಣ್ಣಗಿನ ಇಂಗ್ಲಿಷಿನಲ್ಲಿ, ಅತ್ತೆಗೆ ತಲೆ ಕೆಟ್ಟಿದೆ, ಇದ್ದಕ್ಕಿದ್ದಂತೆ ಹಲ್ಲೆ ಮಾಡಿದರು ಎಂದ. ಪೈಲಟ್ ಕೂಡ ತಾನು ನೋಡಿದ್ದನ್ನೇ ಹೇಳಿದ: ಈ ಹೆಂಗಸು ಎದ್ದು ಹೊಡೆದಳು, ವಿಮಾನ ಬೀಳುವುದರಲ್ಲಿತ್ತು. ತಪ್ಪೇನೂ ಹೇಳಲಿಲ್ಲ. ಅಲ್ಲಿನ ಪುಟ್ಟ ಆಸ್ಪತ್ರೆಯಲ್ಲಿ ಧೃತಿಯ ಬೆರಳಿನ ಜೊತೆಗೆ ಎದೆಯ ಎಕ್ಸ್‌ರೇಯನ್ನೂ ತೆಗೆದರು. ಎರಡು ಪಕ್ಕೆಲುಬು ಹಿಂದೆ ಮುರಿದು ಕೂಡಿಕೊಂಡಿದ್ದವು. ಡಾಕ್ಟರು ಯಾರು ಮಾಡಿದ್ದು ಎಂದು ಕೇಳಿದರು. "ಮೈ ಹಸ್ಬೆಂಡ್" ಎಂದಳು. ಉಪೇಂದ್ರ ಎಕ್ಸ್‌ರೇಯನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದರು.

ನಾರ್ತ್‌ವಿಲ್‌ಗೆ ಬಂದಮೇಲೆ ಎರಡು ಕೇಸು ಶುರುವಾದವು. ಒಂದು ನನ್ನ ಮೇಲೆ. ಸೌತ್‌ಫೀಲ್ಡ್‌ನಲ್ಲಿ ಆಫೀಸು ಇಟ್ಟಿರುವ ಜೈ, ನಮ್ಮ ಗೆಳತಿ ಸುಹಾಸಿನಿಯ ಮಗ, ನನ್ನ ವಕೀಲ. ಅವನು ಮೊದಲ ದಿನವೇ ಹೇಳಿದ: "ಆಂಟಿ, ಹಾರ್ತಿರೋ ಪ್ಲೇನಲ್ಲಿ ಫೈಟ್ ಮಾಡಿದ್ರೆ ಫೆಡರಲ್ ಕೇಸ್. ಜೈಲಾಗ್ಬಹುದು. ನಿಮಗೆ ಮೊದಲೇ ಏನೂ ಗೊತ್ತಿರ್ಲಿಲ್ಲ, ಮಗಳ ಬೆರಳು ಮುರಿದಿದ್ದು ನೋಡಿ ಶಾಕ್‌ನಲ್ಲಿ ಹೊಡೆದ್ರಿ, ರೈಟ್? ಅದೇ ನಮ್ಮ ಡಿಫೆನ್ಸ್. ಗೊತ್ತಿತ್ತು ಅಂದ್ರೆ, ಒಂಬತ್ತು ತಿಂಗಳು ಸಿಟ್ಟು ಇಟ್ಕೊಂಡು ಪ್ಲ್ಯಾನ್ ಮಾಡಿದ್ರು ಅಂತಾರೆ."

ಪಕ್ಕದಲ್ಲಿದ್ದ ಉಪೇಂದ್ರ ನನ್ನ ಕೈ ಹಿಡಿದುಕೊಂಡು, "ಗೊತ್ತಿದ್ದಿದ್ರೆ ಇವಳು ಸುಮ್ನಿರ್ತಿದ್ಲೇನಪ್ಪಾ? ಮೊದಲ ದಿನಾನೇ ಶಿಕಾಗೋಗೆ ಹೋಗಿ ಅವನ ಕಾಲು ಮುರೀತಿದ್ಲು" ಎಂದರು. ನನ್ನ ಮೇಲೆ ಅವರಿಗೆ ಅಷ್ಟು ನಂಬಿಕೆ. ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಎರಡನೆಯದು ಧೃತಿಯ ಕೇಸು. ಅಕ್ಷೋಭ್ಯ ಅವಳ ಹತ್ತಿರ ಸುಳಿಯಕೂಡದು ಎಂದು ಶಿಕಾಗೋ ಕಡೆಯ ಕೌಂಟಿ ಕೋರ್ಟು ಮೂರು ವಾರದ ತಾತ್ಕಾಲಿಕ ಆರ್ಡರ್ ಕೊಟ್ಟಿತ್ತು, ಆಮೇಲೆ ಅದನ್ನೇ ಮುಂದುವರಿಸಿತ್ತು. ಎರಡು ವರ್ಷದ ಆರ್ಡರ್ ಬೇಕಾದರೆ ವಿಚಾರಣೆ ಆಗಬೇಕು. ಆರ್ಡರ್ ಸಿಗದಿದ್ದರೆ ಏನಾಗುತ್ತದೆ ಎಂದು ಅವನೇ ಹೇಳಿದ್ದ. ವಿಮಾನ ಇಳಿಯುವ ಮೊದಲು, ಬೆನ್ನ ಮೇಲೆ ಅಷ್ಟು ದೊಡ್ಡ ಆಳು ಕೂತಿರುವಾಗಲೂ, ಧೃತಿಯ ಪಾದದ ಹತ್ತಿರ ಮುಖ ಇಟ್ಟುಕೊಂಡೇ ಅಂದಿದ್ದ: "ಮನೆಗೆ ಬಾ. ಸಾಯಿಸ್ತೀನಿ." ಮುಂದಿದ್ದ ಉಪೇಂದ್ರರಿಗೆ ಎಂಜಿನ್ ಸದ್ದಿನಲ್ಲಿ ಕೇಳಿಸಲಿಲ್ಲ, ಆ ಆಳಿಗೆ ಕನ್ನಡ ಬಾರದು; ತಿಳಿದದ್ದು ಹತ್ತಿರದಲ್ಲೇ ಬಿದ್ದಿದ್ದ ನನಗೂ ಧೃತಿಗೂ ಮಾತ್ರ.

ಡಿಸೆಂಬರ್ ಮೊದಲ ವಾರ ವಿಚಾರಣೆ. ಹಿಮದಲ್ಲಿ ಐ-94 ಹೆದ್ದಾರಿ ಹಿಡಿದು ಐದೂವರೆ ಗಂಟೆ ಡ್ರೈವ್ ಮಾಡಿಕೊಂಡು ಹೋದೆವು. ಜೈ ಕೂಡ ಜೊತೆಗೆ ಬಂದ. ದಾರಿಯುದ್ದಕ್ಕೂ ಅವನದು ಒಂದೇ ಮಾತು. "ಧೃತಿ ಕೇಸಲ್ಲಿ ನೀವು ಸಾಕ್ಷಿ ಹೇಳ್ಬೇಡಿ ಆಂಟಿ. ಹಿಂದಿನ ಬೆಂಚಲ್ಲಿ ಸುಮ್ನೆ ಕೂತಿರಿ." ಧೃತಿ ಕಿಟಕಿಯಾಚೆ ನೋಡುತ್ತಿದ್ದಳು. ಅವಳಿಗೆ ಎಲ್ಲ ಗೊತ್ತಿತ್ತು. ನನ್ನನ್ನು ಉಳಿಸಬೇಕೆಂದು ತನ್ನ ಅರ್ಜಿಯಲ್ಲಿ ಅವಳು ನನ್ನ ಹೆಸರನ್ನೇ ಬರೆದಿರಲಿಲ್ಲ.

ಕೋರ್ಟಿನಲ್ಲಿ ಅಕ್ಷೋಭ್ಯ ಒಳ್ಳೆಯ ಸೂಟು ಹಾಕಿಕೊಂಡು ಬಂದಿದ್ದ. ಹಣೆಯ ಮೇಲಿನ ಗಾಯದ ಗುರುತು ಜಡ್ಜ್ ಕಡೆಗೆ ಚೆನ್ನಾಗಿ ಕಾಣುವಂತೆ ಕೂತಿದ್ದ. ಅವನ ವಕೀಲ ಜಾಣ. ಬೆರಳು ಮುರಿದದ್ದು ಅತ್ತೆ ಮಾಡಿದ ಗಲಾಟೆಯಲ್ಲಿ, ಎಂದ. ಪಕ್ಕೆಲುಬಿನ ವಿಷಯಕ್ಕೆ ಆಗಸ್ಟ್ ತಿಂಗಳ ಕ್ಲಿನಿಕ್ಕಿನ ಕಾಗದ ತೆಗೆದು ಓದಿದ: 'ಮೆಟ್ಟಿಲಿಂದ ಬಿದ್ದೆ ಎಂದು ರೋಗಿ ಹೇಳಿದ್ದಾರೆ.' ಆಮೇಲೆ ಧೃತಿಯ ಕಡೆ ತಿರುಗಿದ. ಒಂಬತ್ತು ತಿಂಗಳು ಹೊಡೆದರು ಎನ್ನುತ್ತೀರಿ. ಪೊಲೀಸರಿಗೆ ಒಂದು ಫೋನಿಲ್ಲ. ಡಾಕ್ಟರಿಗೆ ಹೇಳಿಲ್ಲ. ಗೆಳತಿಯರಿಗೆ ಹೇಳಿಲ್ಲ. ಇಡೀ ಪ್ರಪಂಚದಲ್ಲಿ ಒಬ್ಬರಿಗಾದರೂ ಹೇಳಿದಿರಾ?

ಧೃತಿ ಮೇಜು ನೋಡುತ್ತಿದ್ದಳು. ಬೆರಳಿಗೆ ಕಟ್ಟಿದ್ದ ಪಟ್ಟಿಯನ್ನು ಇನ್ನೊಂದು ಕೈಯಿಂದ ತಿರುವುತ್ತಿದ್ದಳು. "ಐ..." ಎಂದು ನಿಲ್ಲಿಸಿದಳು. ಅವಳ ವಕೀಲೆ ಅವಳ ಮುಖ ನೋಡಿದಳು. ಜಡ್ಜ್, ವಯಸ್ಸಾದ ಹೆಂಗಸು, ಪೆನ್ನು ಕೆಳಗಿಟ್ಟು ಕಾದರು. ಅಕ್ಷೋಭ್ಯ ತಿರುಗಿ ನನ್ನನ್ನು ನೋಡಿದ. ಅವನಿಗೂ ಗೊತ್ತಿತ್ತು. ಯುಗಾದಿಯಾದ ಮೇಲೆ ನಾನು ಅವನಿಗೆ ಫೋನ್ ಮಾಡಿ, 'ಸ್ವಲ್ಪ ಸಮಾಧಾನದಿಂದ ಇರಿ, ನಾನು ಅವಳಿಗೂ ಬುದ್ಧಿ ಹೇಳಿದೀನಿ' ಎಂದಿದ್ದೆನಲ್ಲ. ನಾನು ಬಾಯಿ ಬಿಡುವುದಿಲ್ಲ ಎಂಬ ಧೈರ್ಯ ಅವನ ಮುಖದಲ್ಲಿತ್ತು.

ಆ ಮುಖವನ್ನು ಮತ್ತೆ ಒಡೆಯಬೇಕೆನಿಸಿತು. ಕೈಯಲ್ಲಿ ಏನೂ ಇರಲಿಲ್ಲ. ಎದ್ದು ನಿಂತೆ.

"ನನಗೆ ಹೇಳಿದ್ದಳು" ಎಂದು ಇಂಗ್ಲಿಷಿನಲ್ಲಿ ಜೋರಾಗಿ ಹೇಳಿದೆ. ಜೈ ನನ್ನ ಸೆರಗು ಹಿಡಿದೆಳೆದ. ನಾನು ಕಿತ್ತುಕೊಂಡೆ. ಗದ್ದಲವಾಯಿತು, ಜಡ್ಜ್ ಸುತ್ತಿಗೆ ಕುಟ್ಟಿದರು, ನಾನು ಯಾರೆಂದು ಕೇಳಿದರು. ನಿಮ್ಮ ಮೇಲೆ ಬೇರೆ ಕೇಸು ಇದೆ, ಇಲ್ಲಿ ಆಡಿದ ಮಾತು ಅಲ್ಲಿ ನಿಮಗೇ ಮುಳುವಾಗಬಹುದು ಎಂದು ಎಚ್ಚರಿಸಿದರು. ಗೊತ್ತು ಎಂದೆ. ಪ್ರಮಾಣ ಮಾಡಿಸಿದರು.

ಹೇಳಿದೆ. ಜನವರಿ ಹದಿನಾಲ್ಕು, ನಮ್ಮ ಸಂಕ್ರಾಂತಿ. ಮಾರ್ಚ್ ಇಪ್ಪತ್ತೇಳು, ಯುಗಾದಿ. ಗ್ಯಾಸ್ ಸ್ಟೇಷನ್, ಸೀಳಿದ ತುಟಿ. ಆಗಸ್ಟ್ ಒಂದು, ವರಮಹಾಲಕ್ಷ್ಮಿಯ ಮಾರನೆಯ ದಿನ. ಪಕ್ಕೆಲುಬು, ಮೆಟ್ಟಿಲಿನ ಸುಳ್ಳು ನಾನು ಹೇಳಿಕೊಟ್ಟದ್ದು. ತಾರೀಖುಗಳು ತಪ್ಪುವ ಪ್ರಶ್ನೆಯೇ ಇಲ್ಲ, ಹಬ್ಬಗಳನ್ನು ನಾನು ಮರೆಯುವುದಿಲ್ಲ. ವಿಮಾನದಲ್ಲಿ ಅವನು ಕನ್ನಡದಲ್ಲಿ ಅಂದದ್ದನ್ನೂ ಹೇಳಿದೆ.

"ನಿಮ್ಮ ಮಗಳು ಹೇಳಿದಾಗ ನೀವು ಏನು ಮಾಡಿದಿರಿ?" ಎಂದು ಜಡ್ಜ್ ಕೇಳಿದರು.

"ವಾಪಸ್ ಕಳಿಸಿದೆ. ಮೂರು ಸಲವೂ."

ಉಪೇಂದ್ರರ ಕಡೆ ನೋಡುವ ಧೈರ್ಯವಾಗಲಿಲ್ಲ. ಬೆಂಚು ಕಿರ್ರೆಂದಿತು. ಅವರು ಎದ್ದು ಬಾಗಿಲು ತಳ್ಳಿಕೊಂಡು ಹೊರಗೆ ಹೋದ ಸದ್ದು ಕೇಳಿಸಿತು.

ಆರ್ಡರ್ ಸಿಕ್ಕಿತು, ಅದನ್ನು ಈಗಲೇ ಹೇಳಿಬಿಡುತ್ತೇನೆ. ಎರಡು ವರ್ಷ ಅವನು ಅವಳ ಮನೆಯ, ಕೆಲಸದ, ನೆರಳಿನ ಹತ್ತಿರವೂ ಬರುವಂತಿಲ್ಲ. ನನ್ನ ಕೇಸು ಫೆಬ್ರವರಿಗೆ ಇದೆ; ಏನಾಗುತ್ತದೋ ನೋಡಬೇಕು, ಜೈ ಈಗ ನನ್ನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ. ಉಪೇಂದ್ರ ಕೆಳಗಿನ ಬೇಸ್‌ಮೆಂಟಿನಲ್ಲಿ ಮಲಗುತ್ತಾರೆ. ಆದರೆ ಆವತ್ತು ಆ ಕಟಕಟೆಯಲ್ಲಿ, ಮೂರು ಸಲ ಎಂದು ಹೇಳಿ ಮುಗಿಸಿದಾಗ, ನಿಜ ಹೇಳುತ್ತೇನೆ, ನನಗೆ ಒಂಥರಾ ಹಗುರವಾಗಿತ್ತು. ಹೇಳಬೇಕಾದದ್ದನ್ನೆಲ್ಲ ಹೇಳಿಬಿಟ್ಟೆ, ಇನ್ನು ನನ್ನ ಮಗಳು ನನ್ನ ಕಡೆ ನೋಡುತ್ತಾಳೆ ಎಂದುಕೊಂಡೆ.

ನೋಡಿದಳು. ಯಾವಾಗಲೂ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು ಕನ್ನಡದಲ್ಲಿ, ಮೆಲ್ಲಗೆ, ನನಗೆ ಮಾತ್ರ ಹೇಳುವವಳಂತೆ ಹೇಳಿದಳು.

"ಮೂರಲ್ಲ ಅಮ್ಮ. ನಾಲ್ಕು. ಗೌರಿ ಹಬ್ಬದ ದಿನ ಬಾತ್‌ರೂಮಿಂದ ಫೋನ್ ಮಾಡಿದ್ದೆ. ಅವನು ಹೊರಗಿಂದ ಬಾಗಿಲು ಒದೀತಿದ್ದ. ಮನೆ ತುಂಬ ಜನ ಇದಾರೆ, ಆಮೇಲೆ ಮಾಡ್ತೀನಿ ಅಂತ ನೀನಂದೆ. ನೀನು ಮಾಡ್ಲಿಲ್ಲ."

ನಾನು ನೆನಪು ಮಾಡಿಕೊಳ್ಳಲು ನೋಡಿದೆ. ಆವತ್ತು ಕರಿದ ಕಡುಬು ನೆನಪಿದೆ. ಯಾರು ಯಾವ ಬಣ್ಣದ ಸೀರೆ ಉಟ್ಟು ಬಂದಿದ್ದರು ಎಂಬುದೂ ನೆನಪಿದೆ. ಫೋನು ನೆನಪಿಗೆ ಬರಲಿಲ್ಲ. ಎಷ್ಟು ತಡಕಾಡಿದರೂ ಬರಲಿಲ್ಲ.

ಅವಳು ಏನೆಂದಳು ಎಂದು ಜಡ್ಜ್ ಕೇಳಿದರು. ಧೃತಿ ಆಗಲೇ ಮೇಜಿನತ್ತ ಮುಖ ತಿರುಗಿಸಿದ್ದಳು, ಜೈ ಬಾಯಿ ಬಿಡುವವನಲ್ಲ; ಅದನ್ನು ಇಂಗ್ಲಿಷಿನಲ್ಲಿ ಹೇಳಲು ನನ್ನನ್ನು ಬಿಟ್ಟು ಬೇರೆ ಯಾರೂ ಇರಲಿಲ್ಲ. ಬಾತ್‌ರೂಮು, ಒದೆತ, ಮನೆ ತುಂಬ ಜನ, ಎಲ್ಲವನ್ನೂ ಒಂದೊಂದಾಗಿ ಹೇಳಿದೆ.

"ಇದು ನಿಮಗೆ ನೆನಪಿದೆಯೇ?" ಎಂದರು.

"ಇಲ್ಲ" ಎಂದೆ. "ಆದರೆ ನನ್ನ ಮಗಳು ಸುಳ್ಳು ಹೇಳುವವಳಲ್ಲ. ನಾಲ್ಕು ಎಂದೇ ಬರೆದುಕೊಳ್ಳಿ."